ಸೋಫಾದ ಮೂಲೆ

ಷಾರ್ಲೆಟ್, ಜೂನ್ ೧೪, ಶುಕ್ರವಾರ

ತವರಿನಲ್ಲಿ ಆಡುವ ತಂಡ ನೂರಕ್ಕೆ ಐವತ್ತಮೂರು ಸಲ ಗೆಲ್ಲುತ್ತದೆಂದು ನನ್ನ ಗಂಡ ಬದರಿ ಇವತ್ತೂ ಅಟ್ಲಾಂಟಾ ಬೇಸ್‌ಬಾಲ್ ತಂಡದ ಮೇಲೆ ಬೆಟ್ ಕಟ್ಟಿದರು. ಐವತ್ತರ ಮೇಲಿನ ಆ ಮೂರರ ಲಾಭವನ್ನು ಬೆಟ್ಟಿಂಗ್ ಆ್ಯಪ್ ತನ್ನ ದರದಲ್ಲಿ ಮೊದಲೇ ನುಂಗಿರುತ್ತದೆ ಎಂದರೆ ಕೇಳಬೇಕಲ್ಲ! "ನಮ್ಮನೆ ಅಡ್ವಾಂಟೇಜ್ ಮೈಥಿಲಿ ಇದ್ದಾಳಲ್ಲ" ಎಂದರು. ಆರು ವರ್ಷದ ಮಗಳು ಸೋಫಾದ ಮೂಲೆಯಲ್ಲಿ ಕೂತಿದ್ದಾಗ ಒಮ್ಮೆ ಗೆದ್ದಿದ್ದೇ ತಪ್ಪಾಯಿತು. ಊರಲ್ಲಿ ಕ್ರಿಕೆಟ್ ನೋಡುವಾಗಿನ ಹಾಗೆ, ಈಗ ಆಟ ಮುಗಿಯುವವರೆಗೆ ಅವಳು ಜಾಗ ಬಿಟ್ಟು ಏಳುವಂತಿಲ್ಲ.

"ಅಪ್ಪಾ, ಬಾತ್‌ರೂಮ್ ಹೋಗ್ಬೇಕು."

"ಇನ್ನೊಂದೇ ಔಟ್ ಪುಟ್ಟಿ, ಅಲ್ಲಾಡ್ಬೇಡ."

ಸಿಟ್ಟು ನೆತ್ತಿಗೇರಿ ಅವಳನ್ನು ಎತ್ತಿಕೊಳ್ಳಲು ಹೋದೆ. ನನ್ನ ಕೈ ತಳ್ಳಿದಳು. "ನೋ ಅಮ್ಮ! ನಾನು ಎದ್ರೆ ಅಪ್ಪ ಸೋಲ್ತಾರೆ!"

ಕೂತಲ್ಲೇ ಒದ್ದೆ ಮಾಡಿಕೊಂಡಳು. ಅಟ್ಲಾಂಟಾ ಗೆದ್ದಿತು. ಬದರಿ ಅವಳನ್ನು ಎತ್ತಿಕೊಂಡು ಕುಣಿದರು. ಸೋಫಾ ಇನ್ನೂ ಒಣಗಿಲ್ಲ. ನಾಳೆ ಮತ್ತೆ ತವರಿನಲ್ಲೇ ಆಟ.