‘ಆಯ್ತು ಬುಡಿ’ ಅಂದರೆ ಒಪ್ಪಿಗೆಯಲ್ಲ

ಹಸ್ತಪ್ರತಿ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ‘ಮಹಜರು’ ಕಾದಂಬರಿಯನ್ನು ನೀವು ಹಿಂದಕ್ಕೆ ಕಳಿಸಿದ್ದೀರಿ. ತಪ್ಪಾಯಿತು, ನೀವು ಕಳಿಸಿಲ್ಲ, ‘ಹಿಂದಿರುಗಿಸಲಾಗಿದೆ’. ಜೊತೆಗಿದ್ದ ಪತ್ರ ಹೀಗಿದೆ: ‘ನಿರೂಪಕನೇ ಕೃತ್ಯದಲ್ಲಿ ಭಾಗಿಯಾಗಿರುವುದರಿಂದ ಕೃತಿಯ ವಸ್ತುನಿಷ್ಠತೆಗೆ ಧಕ್ಕೆಯಾಗಿರುವುದನ್ನು ಗಮನಿಸಲಾಗಿದೆ. ಉತ್ತಮ ಪುರುಷ ನಿರೂಪಣೆಯನ್ನು ಪ್ರಥಮ ಪುರುಷಕ್ಕೆ ಬದಲಿಸಿದಲ್ಲಿ ಗ್ರಂಥಾಲಯಗಳಿಗೆ ಶಿಫಾರಸು ಮಾಡಲಾಗುವುದು.’ ಅಂದರೆ ಕಥೆ ಹೇಳುವ ‘ನಾನು’ ಎದ್ದು ಹೋಗಬೇಕು, ಆ ಜಾಗದಲ್ಲಿ ‘ಅವನು’ ಬಂದು ಕೂರಬೇಕು. ಗಮನಿಸಿದವರು ಯಾರು ಸ್ವಾಮಿ? ಶಿಫಾರಸು ಮಾಡುವವರು ಯಾರು? ಪತ್ರವನ್ನು ಮೂರು ಸಲ ಓದಿದೆ, ಅದರಲ್ಲಿ ಒಬ್ಬ ಮನುಷ್ಯನೂ ಸಿಗಲಿಲ್ಲ.

ಈ ಭಾಷೆ ನನಗೆ ಹೊಸದೇನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಗುಮಾಸ್ತನಾಗಿದ್ದು ಇದರಲ್ಲೇ ಅನ್ನ ಉಂಡಿದ್ದೇನೆ. ಹನ್ನೆರಡು ವರ್ಷದ ಹಿಂದೆ ಹೊಂಗನೂರಿನ ಆಚೆಗಿನ ಒಂದು ಹಳ್ಳಿಯಲ್ಲಿ ರಸ್ತೆ ಅಗಲ ಮಾಡಲು ಚಿನ್ನಮ್ಮನವರ ಹುಳದ ಮನೆ ಕೆಡವಬೇಕಿತ್ತು. ಸ್ಥಳದಲ್ಲೇ ಮಹಜರು ಬರೆಯಲು ಹೋದವನು ನಾನು. ಒಳಗೆ ತಟ್ಟೆ ತುಂಬ ರೇಷ್ಮೆ ಹುಳ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಸೊಪ್ಪನ್ನು ಬಕಬಕ ತಿನ್ನುತ್ತಿದ್ದವು. ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರ ಸಾಕಿತ್ತು.

“ಒಸಿ ತಡೀರಿ ಸ್ವಾಮಿ, ಹುಳ ಹಣ್ಣಾಗ್ಲಿ. ಗೂಡು ಬುಡಿಸ್ಕೊಂಡು ನಾವೇ ಕೆಡವ್ಕೊಡ್ತೀವಿ” ಎಂದರು ಚಿನ್ನಮ್ಮ. ಜೊತೆಗೆ ಬಂದಿದ್ದ ನಮ್ಮ ಸಾಹೇಬರು ಗಡಿಯಾರ ನೋಡಿಕೊಂಡರು. ಜೆಸಿಬಿಯವನು ಎಂಜಿನ್ ಆರಿಸಲೇ ಇಲ್ಲ. ಆಕೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, “ಆಯ್ತು ಬುಡಿ” ಎಂದು ಸೆರಗು ಕೊಡವಿ ಅತ್ತ ತಿರುಗಿದರು.

ನಾನು ಬರೆದೆ: ‘ಸದರಿ ಚಿನ್ನಮ್ಮ ಕೋಂ ಚೆಲುವಯ್ಯ ಇವರು ಆಯಿತು ಎಂದು ಒಪ್ಪಿರುತ್ತಾರೆ.’

ಅಧ್ಯಕ್ಷರೇ, ಹೊರಗಿನವನಾಗಿದ್ದರೆ ಭಾಷೆ ತಿಳಿಯದೆ ತಪ್ಪಾಯಿತು ಎನ್ನಬಹುದಿತ್ತು. ನಾನು ಇದೇ ಚನ್ನಪಟ್ಟಣ ತಾಲ್ಲೂಕಿನವನು. ನಮ್ಮವ್ವ ಅಪ್ಪನೊಡನೆ ಮಾತು ಬಿಡುವ ಮುನ್ನ ಹೇಳುತ್ತಿದ್ದುದೂ ಅದೇ ‘ಆಯ್ತು ಬುಡಿ’. ನಿಮ್ಮಂಥವರ ಹತ್ತಿರ ಇನ್ನು ಮಾತಿಲ್ಲ ಎಂದು ಅದರ ಅರ್ಥ. ಗೊತ್ತಿದ್ದೂ ‘ಬುಡಿ’ಯನ್ನು ಬಿಟ್ಟು ‘ಆಯ್ತು’ ಒಂದನ್ನೇ ಎತ್ತಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹುಳ ಮಣ್ಣಿನಡಿ ಹೋದವು, ನಾನು ಊಟಕ್ಕೆ ಹೋದೆ.

ಈಗ ಇದನ್ನು ‘ಅವನು’ ಎಂದು ಬರೆಯಬೇಕೆ? ಪ್ರಯತ್ನಿಸಲಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಮಾತಿಗೆ ಬೆಲೆ ಕೊಟ್ಟು ನಲವತ್ತು ಪುಟ ತಿದ್ದಿದೆ. ಏನು ಸಲೀಸು ಅಂತೀರಿ! ಭುಜದ ಭಾರ ಇಳಿದ ಹಾಗಾಯಿತು. ಗೆಳೆಯ ಅಶೋಕನಿಗೆ ಓದಿಸಿದರೆ, “ಆ ಗುಮಾಸ್ತ ಎಂಥ ನನ್ಮಗ ಕಣ್ಲಾ!” ಎಂದ. “ಊಂ ಕಣ್ಲಾ, ಅಂಥೋರಿಂದ್ಲೇ ದೇಸ ಹಾಳಾಗಿರೋದು” ಎಂದು ನಾನೂ ತಲೆಯಾಡಿಸಿದೆ. ಇಬ್ಬರೂ ಕಾಫಿ ಕುಡಿದೆವು. ಮನೆಗೆ ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಚಿಕೆಯಾಯಿತು. ನೀವು ಕೇಳುವ ವಸ್ತುನಿಷ್ಠತೆ ಇದೇ ಏನು? ತಪ್ಪು ಮಾಡಿದವನೇ ಓದುಗರ ಪಕ್ಕದಲ್ಲಿ ಕೂತು, ಅವರ ಜೊತೆ ಸೇರಿ ಛೀ ಥೂ ಎನ್ನುವುದೆ?

ಹಾಗೆಂದು ‘ನಾನು’ ಎಂದೊಡನೆ ಸತ್ಯ ಬಂದುಬಿಡುತ್ತದೆ ಎಂದೂ ನಾನು ವಾದಿಸುವುದಿಲ್ಲ. ಮರುದಿನ ಬಸ್ಸು ಹತ್ತಿ ಚಿನ್ನಮ್ಮನವರ ಮನೆಗೆ ಹೋಗಿ, ತಿದ್ದಿದ್ದನ್ನು ಓದಿ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದವರು ಕೈ ನಿಲ್ಲಿಸಿ, “ಅವ್ನ್ಯಾವನಪ್ಪ? ಅವತ್ತು ಬರ್ಕೊಂಡೋನು ನೀನಲ್ವಾ?” ಎಂದರು. ಆ ದಿನ ‘ಸ್ವಾಮಿ’ಯಾಗಿದ್ದವನು ಈಗ ‘ನೀನು’ ಆಗಿದ್ದೆ, ಅದೇ ಸಮಾಧಾನ. ತಕ್ಷಣ ಮೊದಲಿನ ಪ್ರತಿ ತೆಗೆದು ಓದಿದೆ. ಹುಳದ ಮನೆ ಉರುಳುವಾಗ ಆಕೆ ಬಿಕ್ಕಿ ಬಿಕ್ಕಿ ಅಳುವ ಪುಟ ಬಂತು. ನನ್ನ ಪಶ್ಚಾತ್ತಾಪಕ್ಕೆ ಕಳೆ ಕಟ್ಟಲೆಂದು ಸೇರಿಸಿದ್ದೆ.

“ನಾನೆಲ್ಲಿ ಅತ್ತೆ? ನಿಮ್ಮೆದುರ್ಗೆ ಅಳ್ಬಾರ್ದು ಅಂತ್ಲೇ ತಿರಿಕ್ಕೊಂಡಿದ್ದು. ಅವತ್ತೂ ನಾ ಹೇಳ್ದೆ ಇದ್ದಿದ್ದ ಬರ್ದೆ, ಇವತ್ತೂ ಬರ್ದಿದ್ದೀಯ” ಎಂದರು.

ಆ ಪುಟ ಹರಿದೆ. ಇನ್ನೇನು ಬರೆಯಬೇಕು ಚಿನ್ನಮ್ಮಕ್ಕಾ ಎಂದು ಕೇಳಿದೆ. “ನಾ ಒಪ್ಲಿಲ್ಲ ಅಂತ ಬರಿ. ಒಪ್ಪವ್ಳೆ ಅಂತ ಬರ್ದೋನು ನೀನು ಅಂತ್ಲೂ ಬರಿ. ಮೊಮ್ಮಗ್ಳು ಸ್ಕೂಲ್ನಾಗೆ ಓದ್ತಾಳೆ, ಓದಿ ಹೇಳ್ತಾಳೆ” ಎಂದು ಮತ್ತೆ ಕಾಯಿ ಸುಲಿಯತೊಡಗಿದರು.

ಸಹಿ ಬಿದ್ದ ಮಹಜರನ್ನು ಇನ್ನು ಯಾರೂ ತಿದ್ದುವುದಿಲ್ಲ. ಆಕೆ ಒಪ್ಪಲಿಲ್ಲ ಎಂಬುದಕ್ಕೆ ಉಳಿದಿರುವ ಜಾಗ ಈ ಕಾದಂಬರಿಯೊಂದೇ. ಅದರಿಂದ ‘ನಾನು’ವನ್ನು ತೆಗೆದರೆ ಆಕೆಯ ಮಾತನ್ನು ತಿರುಚಿದವನು ಎರಡನೇ ಸಲ ತಪ್ಪಿಸಿಕೊಳ್ಳುತ್ತಾನೆ. ವ್ಯಾಕರಣದವರು ‘ನಾನು’ವಿಗೆ ಉತ್ತಮ ಪುರುಷ ಎಂದು ಹೆಸರಿಟ್ಟಿದ್ದಾರೆ. ಅವರಿಗೆ ನನ್ನ ಪರಿಚಯವಿರಲಿಲ್ಲ, ಪಾಪ.

ಆದ್ದರಿಂದ ಹಸ್ತಪ್ರತಿಯನ್ನು ಅಳುವ ಪುಟ ಬಿಟ್ಟು, ‘ನಾನು’ ಇಟ್ಟುಕೊಂಡೇ ಮತ್ತೆ ಕಳಿಸುತ್ತಿದ್ದೇನೆ. ಶಿಫಾರಸು ಮಾಡುವುದಾದರೆ ಮಾಡಿ. ಇಲ್ಲವಾದರೆ ಬೇಡ ಎನ್ನಿ, ನನ್ನ ತಕರಾರಿಲ್ಲ. ಆದರೆ ಒಂದೇ ಒಂದು ವಾಕ್ಯ ಬರೆಯಿರಿ: ‘ನಾನು ಇದನ್ನು ತಿರಸ್ಕರಿಸಿದ್ದೇನೆ.’ ಕೆಳಗೆ ನಿಮ್ಮ ಹೆಸರಿರಲಿ. ‘ತಿರಸ್ಕರಿಸಲಾಗಿದೆ’ ಎಂದು ಬಂದರೆ ನಾನು ಒಪ್ಪಿದ್ದೇನೆ ಎಂದುಕೊಳ್ಳಬೇಡಿ. ಚಿನ್ನಮ್ಮನವರು ಹೇಳಿದ್ದನ್ನೇ ಹೇಳುತ್ತೇನೆ, ಆಯ್ತು ಬುಡಿ.

ಇಂತಿ,
ಉತ್ತಮನಲ್ಲದ ಉತ್ತಮ ಪುರುಷ,
ನಟರಾಜು
ನಿವೃತ್ತ ಗುಮಾಸ್ತ, ಚನ್ನಪಟ್ಟಣ
(ಆ ಮಹಜರನ್ನು ಬರೆದವನು ನಾನೇ)