ಮೊಹರಿನ ಮೇಲಿನ ಸ್ಟಿಕ್ಕರು

ಪಂಜ
೯-೧೧-೧೯೮೬, ಭಾನುವಾರ

ಪ್ರೀತಿಯ ಜೋಣಿ ಚೇಟ್ಟಾ,

ನಿನ್ನ ಬೆನ್ನುನೋವು ಈಗ ಹೇಗುಂಟು? ಲಾರಿಯ ಅಡಿಯಲ್ಲಿ ಮಲಗಿ ಕೆಲಸ ಮಾಡುವವರಿಗೆಲ್ಲ ಅದು ಇದ್ದದ್ದೇ ಎಂದು ಕಳೆದ ಸಲ ನೀನು ಬರೆದಿದ್ದೆ. ಅದನ್ನು ಓದಿ ಇವರು, ನಿನ್ನ ಬಾವ ಚೆರಿಯನ್, ಒಂದು ಬಾಟ್ಲಿ ಕೊಟ್ಟಂಚುಕ್ಕಾದಿ ಎಣ್ಣೆ ತಂದಿಟ್ಟಿದ್ದಾರೆ. ಹುಬ್ಬಳ್ಳಿ ಕಡೆಗೆ ಹೋಗುವವರು ಸಿಕ್ಕಿದರೆ ಕಳಿಸುತ್ತೇನೆ. ಅತ್ತಿಗೆಗೆ ಆರನೇ ತಿಂಗಳು ಅಲ್ಲವೇ? ಭಾರದ ಕೊಡ ಎತ್ತಲು ಬಿಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಬ್ರಿಜಿತ್ ನಾಲ್ಕನೇ ಕ್ಲಾಸು. ಅಮ್ಮನಿಗೆ ಮೊಣಕಾಲಿನ ಬಾವು ಇಳಿದಿದೆ. ಕಡಬದಲ್ಲಿ ಅಪ್ಪಚ್ಚನಿಗೆ ಎಡಗಣ್ಣು ಮಬ್ಬಾದರೂ ಇನ್ನೂ ಬೆಳಗಾಗುವ ಮೊದಲೇ ಕತ್ತಿ ಹಿಡಿದು ಹಾಲು ಇಳಿಸಲು ರಬ್ಬರು ಮರದ ಬುಡಕ್ಕೆ ಹೋಗುತ್ತಾರೆ. ಬೇಡವೆಂದರೆ ಮಗಳೆಂದು ನೋಡದೆ ಬೈಯುತ್ತಾರೆ.

ಪ್ರತಿ ಸಲ ಮಲಯಾಳದಲ್ಲಿ ಬರೆಯುವವಳು ಈ ಸಲ ಯಾಕೆ ಕನ್ನಡ ಎಂದು ನಿನಗೆ ಅನಿಸಬಹುದು. ಅಮ್ಮ ಈಗ ನಮ್ಮಲ್ಲಿಗೆ ಬಂದು ನಾಲ್ಕು ದಿನವಾಯಿತು, ನಾಡಿದ್ದು ಹೊರಡುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅಷ್ಟೇ ಅಲ್ಲ. ನನಗೆ ಕನ್ನಡ ಕಲಿಸಿದವನು ನೀನು, ಮತ್ತು ಹೇಳಬೇಕಾದದ್ದು ಆ ಕಲಿಸಿದ್ದರ ಬಗ್ಗೆಯೇ.

ನಿನಗೆ ಆ ಶನಿವಾರಗಳು ನೆನಪಿವೆಯೇ? ನೀನು ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಎಂಟನೇ ಕ್ಲಾಸು ಓದುತ್ತಿದ್ದೆ, ನನಗೆ ಹತ್ತು ವರ್ಷ. ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿದರೆ ನಿನ್ನ ಚೀಲದಲ್ಲಿ ಒಗೆಯುವ ಬಟ್ಟೆಯ ನಡುವೆ ಅದ್ರಾಮ ಬ್ಯಾರಿಯ ಅಂಗಡಿಯಿಂದ ಬಾಡಿಗೆಗೆ ತಂದ ಚಿತ್ರಕಥೆಯ ಪುಸ್ತಕಗಳು ಇರುತ್ತಿದ್ದವು. ಶಾಲೆಯಲ್ಲಿ ನಾನು ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು, ಅರ್ಧ ಮಲಯಾಳ ಸೇರಿಹೋಗುತ್ತಿತ್ತು. ನೀನು ಚಿತ್ರದ ಮೇಲೆ ಬೆರಳಿಟ್ಟು ಓದಿಸಿದೆ. ಹುಲಿಯ ಬೆನ್ನೇರಿದ ಹುಡುಗಿ ಏನು ಹೇಳುತ್ತಾಳೆ, ಕಡಲಿನ ಅಡಿಯ ಊರಿನ ಅರಸ ಏನು ಉತ್ತರ ಕೊಡುತ್ತಾನೆ ಎಂದು ತಿಳಿಯುವ ಆಸೆಗೆ ನಾನು ಅಕ್ಷರ ಕೂಡಿಸಿದೆ. ಭಾನುವಾರ ಸಂಜೆ ನೀನು ಅವನ್ನೆಲ್ಲ ಕಟ್ಟಿ ತೆಗೆದುಕೊಂಡು ಹೋಗುವಾಗ ನನ್ನ ಕೈಯಿಂದ ಯಾರೋ ಅನ್ನದ ಬಟ್ಟಲು ಕಿತ್ತುಕೊಂಡ ಹಾಗೆ ಆಗುತ್ತಿತ್ತು.

ಹಾಗೆ ಒಂದು ಭಾನುವಾರ ನಿನ್ನ ಏಳು ಪುಸ್ತಕಗಳು ಕಾಣೆಯಾದವು. ನೀನು ಮಂಚದ ಅಡಿ, ರಬ್ಬರು ಶೀಟಿನ ಹೊಗೆಮನೆ, ಕೊಟ್ಟಿಗೆ ಎಲ್ಲ ಹುಡುಕಿದೆ. ಬಸ್ಸಿನ ಹೊತ್ತು ಮೀರುತ್ತಿತ್ತು. "ರೋಸೀ, ನೀನು ಕಂಡೆಯಾ?" ಎಂದು ಕೇಳಿದೆ. ನಾನು ತಲೆ ಅಲ್ಲಾಡಿಸಿದೆ. ನೀನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ "ಆಯ್ತು" ಎಂದು ಹೊರಟುಹೋದೆ.

ಅವನ್ನು ತೆಗೆದವಳು ನಾನು. ಭತ್ತ ತುಂಬಿಡುವ ಮರದ ಪತ್ತಾಯದಲ್ಲಿ ಹುಗಿದಿಟ್ಟಿದ್ದೆ. ಹದಿನೆಂಟು ವರ್ಷ ಈ ಒಂದು ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. ಈಗ ಬರೆದು ನೋಡಿದರೆ ಎಷ್ಟು ಚಿಕ್ಕದು.

ಪ್ರತಿ ಪುಸ್ತಕದ ಮುಖಪುಟದ ಕೆಳಗೆ ಅದ್ರಾಮನ ನೇರಳೆ ಮೊಹರು ಇತ್ತು. ಯಾರಾದರೂ ನೋಡಿದರೆ ಗೊತ್ತಾಗುತ್ತದೆಂದು ಹೆದರಿ, ಇಗರ್ಜಿಯಲ್ಲಿ ಧರ್ಮಪಾಠ ಬಾಯಿಪಾಠ ಒಪ್ಪಿಸಿದ್ದಕ್ಕೆ ಕೊಡುತ್ತಿದ್ದ ಪುಣ್ಯವಂತರ ಸ್ಟಿಕ್ಕರುಗಳನ್ನು ನೆಕ್ಕಿ ನೆಕ್ಕಿ ಮೊಹರಿನ ಮೇಲೆ ಅಂಟಿಸಿದೆ. ಏಳರಲ್ಲಿ ಮೂರು ಸಂತ ಅಂತೋನಿಯದ್ದು. ಕಳೆದುಹೋದದ್ದನ್ನು ಹುಡುಕಿಕೊಡುವ ಪುಣ್ಯವಂತ ಅವರು. ಕದ್ದದ್ದನ್ನು ಮುಚ್ಚಲು ಅವರನ್ನೇ ಕೂರಿಸಿದ್ದೆ ನಾನು.

ಮುಂದಿನದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಬಾಡಿಗೆ ಪುಸ್ತಕ ಕದ್ದು ಮಾರಿದ್ದಿ ಎಂದು ಹಾಸ್ಟೆಲಿನಿಂದ ಅಪ್ಪಚ್ಚನಿಗೆ ಕಾಗದ ಬಂತು. ಅವರು ಪುತ್ತೂರಿಗೆ ಹೋಗಿ ನಿನ್ನನ್ನೂ ನಿನ್ನ ತಗಡಿನ ಪೆಟ್ಟಿಗೆಯನ್ನೂ ತಂದು ಅಂಗಳದಲ್ಲಿ ಇಳಿಸಿದರು. ಬೆತ್ತ ಮುರಿಯುವವರೆಗೆ ಹೊಡೆದರು. "ಕಳ್ಳನಿಗೆ ಎಂತಕ್ಕೆ ಓದು" ಎಂದರು. ನಾನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ. ಬಾಯಿ ತೆರೆಯಲು ಆಗ ಒಂದು ಕ್ಷಣ ಸಾಕಿತ್ತು. ಮರುದಿನವೇ ಅವರು ನಿನ್ನ ಕೈಗೆ ರಬ್ಬರು ಕತ್ತಿ ಕೊಟ್ಟರು. ನಿನಗೆ ಹದಿಮೂರು. ಆಮೇಲೆ ಮೂರು ವರ್ಷ ಮನೆಯಲ್ಲಿ ಏನು ಕಾಣೆಯಾದರೂ ಮೊದಲು ನಿನ್ನ ಜೇಬು ನೋಡುತ್ತಿದ್ದರು. ನೆಂಟರ ಎದುರಿನಲ್ಲಿ ಹಾಗೆ ಮಾಡಿದ ಮರುದಿನ ನೀನು ಮೊದಲ ಬಸ್ಸು ಹತ್ತಿದೆ. ಇಂಜಿನಿಯರು ಆಗುತ್ತೇನೆ ಎನ್ನುತ್ತಿದ್ದವನು ಇಂಜಿನಿನ ಅಡಿಯಲ್ಲಿ ಮಲಗಿದ್ದಿ ಎಂದು ನಿನ್ನ ಒಂದೊಂದು ಕಾಗದ ಬಂದಾಗಲೂ ನನಗೆ ಅನಿಸಿದೆ. ಉತ್ತರ ಬರೆಯುವಾಗ ಮಾತ್ರ ಕಾಳುಮೆಣಸು, ಹವೆ, ಕ್ರಿಸ್ಮಸ್ಸಿನ ಕೇಕು ಇಷ್ಟೇ ಬರೆದೆ.

ಈಗ ಇದೆಲ್ಲ ಯಾಕೆ ಎದ್ದಿತೆಂದರೆ, ಬ್ರಿಜಿತ್ ನನ್ನ ಮದುವೆಯ ಪೆಟ್ಟಿಗೆಯ ತಳದಿಂದ ಒಂದು ಪುಸ್ತಕ ತೆಗೆದು ಶಾಲೆಗೆ ಒಯ್ದಳು. ಅವಳ ಮಾಷ್ಟ್ರು ತೀರ್ಥರಾಮ ಎಂಬವರು ಐವರ್ನಾಡಿನವರು, ಇನ್ನೂ ಮದುವೆಯಾಗದ ಹುಡುಗ. ಹಳೆಯ ಚಿತ್ರಕಥೆ ಸಂಗ್ರಹಿಸುವುದೆಂದರೆ ಅವರಿಗೆ ಹುಚ್ಚು. ಮುಂಬಯಿ, ಮದ್ರಾಸಿನವರೊಡನೆ ಕಾಗದ ಬರೆದು ಅದಲು ಬದಲು ಮಾಡುತ್ತಾರಂತೆ. ಅಂದು ಸಂಜೆಯೇ ಮನೆಗೆ ಬಂದರು. ಏಳನ್ನೂ ನೋಡಿ ಬೆಂಚಿನಲ್ಲಿ ಕೂತೇಬಿಟ್ಟರು. "ಅಕ್ಕ, ಇದು ಈಗ ಎಲ್ಲಿಯೂ ಸಿಗುದಿಲ್ಲ ಮಾರಾಯ್ರೆ. ಒಂದು ಪುಟ ಹರಿಯಲಿಲ್ಲ. ಹೇಗೆ ಇಟ್ಟುಕೊಂಡಿದ್ದೀರಿ!" ಎಂದರು. ಆಮೇಲೆ ಮುಖ ಸಣ್ಣ ಮಾಡಿ, "ಈ ಸ್ಟಿಕ್ಕರೇ ಒಂದು ಕಷ್ಟ. ಬಿಟ್ರೆ ಚಿತ್ರ ಪೂರ್ತಿ ಕಾಣುದಿಲ್ಲ. ತೆಗೆದ್ರೆ ಮುಖಪುಟವೇ ಎದ್ದು ಬರಲಿಕ್ಕೂ ಸಾಕು. ನಾನು ಒಂದನ್ನು ಹಾಗೆ ಹಾಳು ಮಾಡಿದ್ದೇನೆ, ಈಗಲೂ ಹೊಟ್ಟೆ ಉರೀತದೆ. ಪುಸ್ತಕ ನಿಮ್ಮದು, ನೀವೇ ಹೇಳ್ಬೇಕು" ಎಂದರು.

ಪುಸ್ತಕ ನಿಮ್ಮದು ಎಂದರಲ್ಲ, ಆ ಮಾತು ಕೇಳಿ, ಆಮೇಲೆ ಹೇಳುತ್ತೇನೆಂದು ಅವರನ್ನು ಕಳಿಸಿಬಿಟ್ಟೆ.

ಎರಡು ದಿನ ಯೋಚಿಸಿದೆ. ಬಿಟ್ಟರೆ ನನ್ನ ಮುಚ್ಚುಮರೆ ಅಲ್ಲೇ ಇರುತ್ತದೆ, ಯಾರಿಗೂ ನಷ್ಟವಿಲ್ಲ. ಆದರೆ ಬ್ರಿಜಿತ್ ಅದನ್ನು ತಿರುಗಿಸಿ ಮುರುಗಿಸಿ, "ಅಮ್ಮಾ, ಇದರ ಅಡಿಯಲ್ಲಿ ಎಂತ ಉಂಟು?" ಎಂದು ಕೇಳತೊಡಗಿದಳು. ಬುಧವಾರ ಮಧ್ಯಾಹ್ನ ರಬ್ಬರು ಶೀಟುಗಳನ್ನು ಒಣಗಲು ಹಾಕಿ ಬಂದು, ಮಾಷ್ಟ್ರು ಹೇಳಿದ ಹಾಗೆ ಕೆಟ್ಲಿನ ಹಬೆಗೆ ಒಂದನ್ನು ಹಿಡಿದು, ಒದ್ದೆ ಒತ್ತುಕಾಗದ ಇಟ್ಟು ಮೆಲ್ಲಗೆ ಎಬ್ಬಿಸಿದೆ. ಬಂತು. ಚೇಟ್ಟಾ, ಮುಖಪುಟವೆಲ್ಲ ಮಾಸಿ ಹಳದಿಯಾಗಿದ್ದರೂ ಅಷ್ಟು ಜಾಗ ಮಾತ್ರ ಹೊಸದರ ಹಾಗೆಯೇ ಉಳಿದಿತ್ತು. ಗಾಳಿ ತಾಗದ್ದರಿಂದ ಮೊಹರು ನಿನ್ನೆ ಒತ್ತಿದಂತೆ ಇತ್ತು. "ಅದ್ರಾಮ ಪುಸ್ತಕದಂಗಡಿ, ಪುತ್ತೂರು. ಹಿಂದಿರುಗಿಸತಕ್ಕದ್ದು."

ಎರಡನೆಯದನ್ನು ಅವಸರದಿಂದ ಎಳೆದೆ. ಸ್ಟಿಕ್ಕರಿನೊಂದಿಗೆ ಮುಖಪುಟದ ಪದರವೂ ಎದ್ದು, ಹುಲಿಯ ಬೆನ್ನಿನಲ್ಲಿದ್ದ ಹುಡುಗಿಯ ಕಾಲೂ ಹುಲಿಯ ಅರ್ಧ ಹೊಟ್ಟೆಯೂ ಹೋಯಿತು. ಅಲ್ಲಿಗೆ ನಿಲ್ಲಿಸಿದೆ. ತೀರ್ಥರಾಮ ಮಾಷ್ಟ್ರು ನೋಡಿ, "ಅಯ್ಯೋ ಅಕ್ಕ, ಎಂತ ಮಾಡಿದ್ರಿ! ನನಗೆ ಹೇಳಿ ಕಳಿಸಬಾರದಿತ್ತಾ" ಎಂದು ಮನುಷ್ಯರಿಗೆ ಗಾಯವಾದ ಹಾಗೆ ಮರುಗಿದರು. ನನಗೆ ಅಳು ಬಂದದ್ದು ಪುಸ್ತಕಕ್ಕಾಗಿ ಎಂದು ಅವರು ತಿಳಿದುಕೊಂಡರು.

ನಿನ್ನೆ ಬಟ್ಟೆ ತರುವ ನೆಪ ಹೇಳಿ ಪುತ್ತೂರಿಗೆ ಹೋದೆ. ಅದ್ರಾಮನ ಅಂಗಡಿ ಈಗ ಮಗನ ಕ್ಯಾಸೆಟ್ಟಿನ ಅಂಗಡಿ. ಒಳಗೆ ಮೂಲೆಯ ಸ್ಟೂಲಿನಲ್ಲಿ ಅದ್ರಾಮ ಕೂತಿದ್ದರು, ಗಡ್ಡ ಪೂರ್ತಿ ಬಿಳಿ. ನಾನು ಏಳು ಪುಸ್ತಕವನ್ನೂ ಅವರ ಮಡಿಲಲ್ಲಿಟ್ಟು, "ಇದು ನಿಮ್ಮದು. ತೆಗೆದದ್ದು ಜೋಣಿ ಅಲ್ಲ, ನಾನು" ಎಂದೆ. ಅವರು ಬೆರಳಿನಿಂದ ಸಂತ ಅಂತೋನಿಯನ್ನು ಸವರಿ ನೋಡಿದರು. "ನನಗೆ ಅಂದೇ ಗೊತ್ತುಂಟು ಮೋಳೇ" ಎಂದು ಸ್ವಂತ ಮಗಳನ್ನು ಕರೆದ ಹಾಗೆ ಹೇಳಿದರು.

ನೀನು ಅವರಿಗೆ ಹೇಳಿದ್ದಿಯಂತೆ. ಆ ಸೋಮವಾರ ಬೆಳಿಗ್ಗೆಯೇ ಹೋಗಿ, "ತಂಗಿ ತೆಗೆದಿಟ್ಟಿದ್ದಾಳೆ, ಅವಳು ಓದಲಿ. ನಾನು ಸಂಜೆ ಬಂದು ಅಂಗಡಿ ಗುಡಿಸಿ, ಹರಿದ ಪುಸ್ತಕ ಅಂಟಿಸಿ ಕೊಡ್ತೇನೆ" ಎಂದೆಯಂತೆ. ಒಂದು ತಿಂಗಳು ಹಾಗೆ ಮಾಡಿದೆಯಂತೆ. ಸಂಜೆಯ ಓದಿಗೆ ನೀನು ಹಾಸ್ಟೆಲಿನಲ್ಲಿ ಇಲ್ಲದ್ದನ್ನು ನೋಡಿ ಅಲ್ಲಿಯವರು ವಿಚಾರಿಸಿದರು. ಪುಸ್ತಕ ಕಾಣೆಯಾದ ಸುದ್ದಿ ಅವರ ಕಿವಿಗೆ ಬಿತ್ತು. ಉಳಿದದ್ದನ್ನು ಅವರೇ ಸೇರಿಸಿಕೊಂಡರು. "ನಿನ್ನ ಅಪ್ಪ ಬಂದ ದಿನ ನಾನೇ ಹೋಗಿ ಹೇಳ್ತೇನೆ ಅಂತ ಎದ್ದೆ. ಅವ ನನ್ನ ಕೈ ಹಿಡ್ಕೊಂಡ. ಅಪ್ಪ ಅವಳಿಗೆ ಹೊಡೆದ್ರೆ ಅವಳು ತಡೀಲಿಕ್ಕಿಲ್ಲ ಕಾಕಾ, ನಾನಾದ್ರೆ ತಡೀತೇನೆ ಅಂದ. ಎರಡು ಪೆಟ್ಟು ಬೀಳ್ತದೆ, ಮುಗೀತದೆ ಅಂತ ನಾನೂ ಸುಮ್ಮನೆ ಕೂತೆ. ಶಾಲೆ ಬಿಡಿಸ್ತಾರೆ ಅಂತ ಯಾರು ಕಂಡದ್ದು?" ಎಂದು ಅದ್ರಾಮ ಮುಖ ಆ ಕಡೆ ತಿರುಗಿಸಿದರು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನಿನಗೆ ಗೊತ್ತಿಲ್ಲ, ಆದ್ದರಿಂದ ನೀನು ನನ್ನನ್ನು ಪ್ರೀತಿಸುತ್ತಿದ್ದಿ ಎಂದು ಇಷ್ಟು ದಿನ ತಿಳಿದಿದ್ದೆ. ಎಲ್ಲ ಗೊತ್ತಿದ್ದೂ ಪ್ರತಿ ಕ್ರಿಸ್ಮಸ್ಸಿಗೆ "ನನ್ನ ರೋಸಿ" ಎಂದು ಬರೆಯುತ್ತಿದ್ದಿ. ಇದನ್ನು ಹೊರುವುದು ಮೊದಲಿನದ್ದಕ್ಕಿಂತ ಕಷ್ಟ. ಒಂದು ಸಲವಾದರೂ ಬೈಯಬಾರದಿತ್ತೇ?

ಅದ್ರಾಮ ಪುಸ್ತಕ ತೆಗೆದುಕೊಳ್ಳಲಿಲ್ಲ. "ಇದಕ್ಕೆ ಅವ ಕೆಲಸ ಮಾಡಿ ಆಗಿದೆ. ಇದು ಅವನದ್ದು, ಅವನಿಗೆ ಕಳಿಸು" ಎಂದರು. ಹಾಗಾಗಿ ಇನ್ನು ಹೇಳಬೇಕಾದವನು ನೀನು. ಐದು ಸ್ಟಿಕ್ಕರು ಉಳಿದಿವೆ. ತೆಗೆಯಬೇಕೆಂದರೆ ಮಾಷ್ಟ್ರ ಕೈಯಲ್ಲಿ ತೆಗೆಸುತ್ತೇನೆ, ಬೇಡವೆಂದರೆ ಹಾಗೇ ಇರಲಿ. ಅಪ್ಪಚ್ಚನಿಗೆ ಹೇಳಲು ಮಾತ್ರ ನನಗೆ ಇನ್ನೂ ಧೈರ್ಯವಿಲ್ಲ. ಈ ವಯಸ್ಸಿನಲ್ಲಿ ಅವರಿಗೆ ಇದು ಬೇಕೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವಾಗಿ ಹೆದರುವುದು ನನಗಾಗಿಯೇ.

ಅತ್ತಿಗೆಗೆ ನನ್ನ ಪ್ರೀತಿ ತಿಳಿಸು. ಹುಟ್ಟುವ ಮಗುವಿಗೆ ದೇವಮಾತೆಯ ನೆರಳಿರಲಿ. ಬ್ರಿಜಿತ್ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಕ್ಷಮೆಗೆ ಯೋಗ್ಯಳಲ್ಲದ ತಂಗಿ,
ರೋಸಿಲಿ

ತಾ.ಕ. ಗುರುವಾರ. ಈ ಕಾಗದ ನಾಲ್ಕು ದಿನ ಪೆಟ್ಟಿಗೆಯಲ್ಲೇ ಇತ್ತು. ಮಂಗಳವಾರ ಅಮ್ಮನನ್ನು ಕಡಬಕ್ಕೆ ಬಿಡಲು ಹೋದವಳು ಅಪ್ಪಚ್ಚನಿಗೆ ಹೇಳಿಬಿಟ್ಟೆ. ಕತ್ತಿ ಮಸೆಯುತ್ತಿದ್ದವರು ನಿಲ್ಲಿಸಿ, "ಅವನು ಆ ದಿನ ಅತ್ತನಾ?" ಎಂದು ಒಂದೇ ಮಾತು ಕೇಳಿದರು. ಇಲ್ಲ ಎಂದೆ. ಇವತ್ತು ಬೆಳಿಗ್ಗೆ ಒಬ್ಬರೇ ಪಂಜಕ್ಕೆ ಬಂದು ನಿನ್ನ ವಿಳಾಸ ಬರೆಸಿಕೊಂಡರು. ಬರುವ ಬುಧವಾರ ೧೯ಕ್ಕೆ ಮಂಗಳೂರಿನಿಂದ ಬಸ್ಸು ಹಿಡಿಯುತ್ತಾರೆ, ೨೦ರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿಯುತ್ತಾರೆ. ನಿನ್ನ ಬಾವನೂ ಜೊತೆಗೆ ಬರುತ್ತೇನೆಂದರು, ಅಪ್ಪಚ್ಚ ಬೇಡ ಎಂದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಯಾವ ಭಾಷೆಯಲ್ಲಿಯೂ ಬರಲಿಕ್ಕಿಲ್ಲ, ನೀನು ಕಾಯಬೇಡ. ಆದರೆ ದಯವಿಟ್ಟು ಬಸ್ ಸ್ಟ್ಯಾಂಡಿಗೆ ಹೋಗು. ಅವರಿಗೆ ಅಲ್ಲಿಯ ಬೋರ್ಡು ಓದಲು ಬರುವುದಿಲ್ಲ, ದಾರಿಯನ್ನು ಯಾರಲ್ಲಿಯೂ ಕೇಳುವವರೂ ಅಲ್ಲ. ನೀನು ಹೋಗದಿದ್ದರೆ ಇಳಿದ ಜಾಗದಲ್ಲೇ ಕೂತಿರುತ್ತಾರೆ.