ಠಾಣೆಯಿಂದ ಮರಳಿದ ಬಂದೂಕು

ಚಡಚಣದ ಗುರುರಾಜ ಸಾಹುಕಾರರಿಗೆ ನಮಸ್ಕಾರಗಳು.

ಚುನಾವಣೆಗಾಗಿ ಠಾಣೆಗೆ ಒಪ್ಪಿಸಿದ್ದ ನಿಮ್ಮ ಬಂದೂಕು ಮರ್ಯಾದೆಯಿಂದ ಮನೆಗೆ ಮರಳಿತೆಂದು ಕೇಳಿದೆ. ಅದಿಲ್ಲದ ದಿನಗಳಲ್ಲಿ ದ್ರಾಕ್ಷಿ ತೋಟ ಕಾಯಲೆಂದು ನನ್ನ ಶಿಷ್ಯೆ ರೇಣುಕಾಳಿಂದ ತ್ರೀಡಿ ಪ್ರಿಂಟರಿನಲ್ಲಿ ಪಿಸ್ತೂಲು ಮಾಡಿಸಿಕೊಂಡಿರಿ. “ನಂದು ಲೈಸೆನ್ಸ್ ಐತಿ ತಂಗಿ, ನಿನಗೇನೂ ಆಗಂಗಿಲ್ಲ” ಎಂದಿರಿ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ತಯಾರಿಕೆಗೆ ಸಲ್ಲದೆಂಬುದು, ನಿಮ್ಮ ಹನಿ ನೀರಾವರಿಯ ಕೊಳವೆಗಳಿಗೆ ಅದೇ ಯಂತ್ರದಲ್ಲಿ ಬಿರಡೆ ಮಾಡಿಕೊಡುತ್ತಿದ್ದ ಹುಡುಗಿಗೆ ತಿಳಿದಿರಲಿಲ್ಲ.

ಆ ಪಿಸ್ತೂಲು ಪೊಲೀಸರ ಕೈಗೆ ಸಿಕ್ಕಾಗ, ಅದರ ವಿಷಯವೇ ಗೊತ್ತಿಲ್ಲವೆಂದು ನೀವು ಅವರಿಗೆ ಹೇಳಿದಿರಿ. ಅವಳು ಜೈಲು ಸೇರಿದಳು. ನಿನ್ನೆ ಕಾಣಲು ಹೋದಾಗ, “ಸಾವ್ಕಾರ್ರು ಬಂದು ಖರೇ ಹೇಳ್ತಾರ್ರಿ ಸರ್, ನೀವ್ಯಾಕ ಚಿಂತಿ ಮಾಡ್ತೀರಿ” ಎಂದು ನನಗೇ ಸಮಾಧಾನ ಹೇಳಿದಳು.

ಸೋಮವಾರ ಇಂಡಿ ನ್ಯಾಯಾಲಯದಲ್ಲಿ ಜಾಮೀನಿನ ವಿಚಾರಣೆಯಿದೆ. ದಯವಿಟ್ಟು ಬನ್ನಿ. ಬರಲಾಗದಿದ್ದರೆ ಅದನ್ನು ಅವಳಿಗೆ ನೀವೇ ತಿಳಿಸಿ, ನನ್ನಿಂದಾಗದು.

ಇಂತಿ,
ರೇಣುಕಾಳ ಮಾಸ್ತರ
ಯಲ್ಲಾಲಿಂಗ